31 ಅಡಿ ಹಾಯಿದೋಣಿಗೆ ಯಾವ ಆಟೋಪೈಲಟ್ ಹಾಕಿಸಲಿ? ಕಾರವಾರದಿಂದ ಕೊಚ್ಚಿಗೆ, ಹೋಗುವವರು ಇಬ್ಬರೇ

ಮಾಜಾಳಿ ಹಾಯಿ:
ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯೋದು ಇದೇ ಮೊದಲು.

ನಮ್ಮದು 31 ಅಡಿಯ ಫೈಬರ್ ಹಾಯಿದೋಣಿ. ಚಕ್ರ ಇಲ್ಲ, ಚುಕ್ಕಾಣಿಗೆ ನೇರ ಟಿಲ್ಲರ್, ಅಂದರೆ ಹಿಡಿಕೋಲು. ಎರಡು ವರ್ಷದ ಹಿಂದೆ ಗೋವಾದಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ಹಳೇ ಮಾಲೀಕರು ಕೊಟ್ಟ ಕಾಗದದಲ್ಲಿ ತೂಕ 4,300 ಕಿಲೋ ಅಂತಿದೆ. ಓಡಿಸುವವರು ನಾನು, ನನ್ನ ಹೆಂಡತಿ, ಇಬ್ಬರೇ.

ಈ ಜನವರಿಯಲ್ಲಿ ಕಾರವಾರದಿಂದ ಗೋವಾದ ಮುರಗಾಂವ್‌ಗೆ ಹೋಗಿ ಬಂದೆವು. ಹೋಗುವಾಗ ಬೆಳಗಿನ ಜಾವ ಮೂಡುಗಾಳಿ ಚೆನ್ನಾಗಿತ್ತು, ಹತ್ತು ಗಂಟೆಗೆ ಪೂರ್ತಿ ನಿಂತಿತು, ಎಂಜಿನ್ ಹಾಕಿದೆವು. ಮಧ್ಯಾಹ್ನದ ಮೇಲೆ ವಾಯವ್ಯದ ಗಾಳಿ ಎದುರಿಗೇ. ಸುಮಾರು 40 ನಾಟಿಕಲ್ ಮೈಲಿಗೆ ಹನ್ನೊಂದು ತಾಸು, ಅಷ್ಟೂ ಹೊತ್ತು ಒಬ್ಬರಲ್ಲ ಒಬ್ಬರ ಕೈ ಟಿಲ್ಲರ್ ಮೇಲೆ. ಬರುವಾಗ ಗಾಳಿ ಬೆನ್ನಿಗೆ, ತೆರೆ ಹಿಂದಿನ ಮೂಲೆಯಿಂದ. ತೆರೆ ಬಂದು ಎತ್ತಿದಾಗೆಲ್ಲ ದೋಣಿ ಮೂತಿ ತಿರುಗಿಸುತ್ತದೆ, ಎಳೆದು ಹಿಡಿಯಬೇಕು. ಮನೆಗೆ ಬಂದ ಮೇಲೆ ಅವಳಿಗೆ ಮೂರು ದಿನ ಬಲಗೈ ಎತ್ತಿ ತಲೆ ಬಾಚಿಕೊಳ್ಳಲು ಆಗಲಿಲ್ಲ.

ಮುಂದಿನ ಡಿಸೆಂಬರಿಗೆ ಕೊಚ್ಚಿಗೆ ಹೋಗಬೇಕೆಂದಿದೆ. 300 ಮೈಲಿಗೂ ಮೇಲೆ, ನಮ್ಮ ವೇಗದಲ್ಲಿ ಎರಡೂವರೆ ದಿನ, ನಡುವೆ ಎರಡು ರಾತ್ರಿ. ಕೈಯಲ್ಲೇ ಹಿಡಿದು ಹೋಗುವ ಮಾತಲ್ಲ, ಚುಕ್ಕಾಣಿಯನ್ನು ತಾನೇ ಹಿಡಿಯುವ ಆಟೋಪೈಲಟ್ ಬೇಕು. ಬಜೆಟ್ ಹೆಚ್ಚೆಂದರೆ ಮೂರು ಲಕ್ಷ. ಟಿಲ್ಲರಿಗೆ ಸಿಕ್ಕಿಸುವ ಚಿಕ್ಕ ಪೈಲಟ್ಟೋ, ಡೆಕ್ಕಿನ ಕೆಳಗೆ ಕೂರಿಸುವ ದೊಡ್ಡದೋ, ಕರೆಂಟೇ ಬೇಡದೆ ಗಾಳಿಯಿಂದಲೇ ಚುಕ್ಕಾಣಿ ನಡೆಸುವ ವಿಂಡ್‌ವೇನೋ? ಬ್ಯಾಟರಿ 100 ಆಂಪಿಯರ್-ಅವರಿನ ಲೆಡ್ ಆಸಿಡ್ ಎರಡು, ಸೋಲಾರ್ 100 ವ್ಯಾಟ್ ಒಂದು. ಅನುಭವ ಇದ್ದವರು ಹೇಳಿ.

ಕುಮಟಾ ಹುಡುಗ:
ಜೇಬಿನಲ್ಲಿ ಎಷ್ಟಿದೆಯೋ ಅಷ್ಟಕ್ಕೆ ಸಿಗುವ ದೊಡ್ಡದು ತಗೊಳ್ಳಿ. ಮುಗೀತು.

ಯಾರ್ಡ್ ಕೆಲಸದವ:
ಹಾಗೆ ಮುಗಿಯೋದಿಲ್ಲ. ಮೊದಲು ತೂಕದ ಲೆಕ್ಕ ಸರಿ ಮಾಡಿಕೊಳ್ಳಿ ಸರ್. ಕಾಗದದ 4,300 ಕಿಲೋ ಅನ್ನೋದು ಖಾಲಿ ದೋಣಿಯದು. ನೀರಿನ ಟ್ಯಾಂಕ್, ಡೀಸೆಲ್, ಲಂಗರು, ಸರಪಳಿ, ಬ್ಯಾಟರಿ, ಎರಡು ವಾರದ ಅಕ್ಕಿ ಬೇಳೆ, ನೀವಿಬ್ಬರು, ಎಲ್ಲ ಸೇರಿದರೆ ಅದರ ಮೇಲೆ ನೂರಕ್ಕೆ ಇಪ್ಪತ್ತು ಹಾಕಬೇಕು. 5,160 ಆಯಿತು. ಆಟೋಪೈಲಟ್ ಆರಿಸುವುದು ಈ ತೂಕಕ್ಕೆ, ದೋಣಿಯ ಉದ್ದಕ್ಕಲ್ಲ.

ರೇಮರೀನ್‌ನವರ ಟಿಲ್ಲರ್ ಪೈಲಟ್‌ಗಳಲ್ಲಿ ಎಸ್‌ಟಿ 1000ಕ್ಕೆ 3,000 ಕಿಲೋ, ಎಸ್‌ಟಿ 2000ಕ್ಕೆ 4,500 ಕಿಲೋ ಅಂತ ಅವರೇ ಮಿತಿ ಕೊಟ್ಟಿದ್ದಾರೆ. ಇವಿ-100ರ ಟಿಲ್ಲರ್ ಮಾದರಿಗೆ 6,000. ಅಂದರೆ ಎಸ್‌ಟಿ 2000 ಖಾಲಿ ದೋಣಿಗೆ ಸರಿ, ತುಂಬಿದ ದೋಣಿಗೆ ಸಾಲದು. ಡೆಕ್ಕಿನ ಕೆಳಗಿನ ಲೀನಿಯರ್ ಡ್ರೈವ್‌ನಲ್ಲಿ ಚಿಕ್ಕದೇ 11,000 ಕಿಲೋ ತನಕ ತಡೆಯುತ್ತದೆ, ಆದರೆ ಚುಕ್ಕಾಣಿ ಕಂಬಕ್ಕೆ ಬೇರೆ ತೋಳು ಮಾಡಿಸಬೇಕು, ಅದರ ಬುಡಕ್ಕೆ ಬಲವಾದ ಪ್ಲೈವುಡ್ಡು ಫೈಬರ್ ಕಟ್ಟಬೇಕು. ಕೆಲಸ ಮಾಡುವವರು ಗೋವಾದಲ್ಲಿದ್ದಾರೆ. ಮೂರು ಲಕ್ಷದಲ್ಲಿ ಮುಗಿಯುತ್ತದೆ ಅಂತ ನಾನು ಹೇಳಲಾರೆ.

ಮಾಜಾಳಿ ಹಾಯಿ:
ಇಪ್ಪತ್ತರ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಎಸ್‌ಟಿ 2000 ತರಿಸುವುದಕ್ಕೆ ಹೇಳಿಯೇಬಿಟ್ಟಿದ್ದೆ, ಇವತ್ತು ಫೋನ್ ಮಾಡಿ ತಡೆದೆ. ದೊಡ್ಡ ಉಪಕಾರ ಆಯಿತು.

ಗೋಕರ್ಣ ಗಾಳಿಪಟ:
ಕರೆಂಟಿನ ಸಹವಾಸವೇ ಬೇಡ, ವಿಂಡ್‌ವೇನ್ ಹಾಕಿಸಿ. ಏರೀಸ್, ಮಾನಿಟರ್, ಹೈಡ್ರೋವೇನ್, ವಿಂಡ್‌ಪೈಲಟ್, ಯಾವುದಾದರೂ ಆದೀತು. ಮೊದಲೆರಡರಲ್ಲಿ ಸೂತ್ರ ಒಂದೇ: ದೋಣಿ ದಾರಿ ತಪ್ಪಿದರೆ ಗಾಳಿ ಹಲಗೆಯನ್ನು ಓರೆ ಮಾಡುತ್ತದೆ, ಹಲಗೆ ನೀರಿನಲ್ಲಿರುವ ಹುಟ್ಟನ್ನು ತಿರುವುತ್ತದೆ, ಓಡುವ ನೀರು ಆ ಹುಟ್ಟನ್ನು ಪಕ್ಕಕ್ಕೆ ತಳ್ಳುತ್ತದೆ, ಆ ಬಲ ಹಗ್ಗದಲ್ಲಿ ಟಿಲ್ಲರಿಗೆ ಬರುತ್ತದೆ. ಗಾಳಿ ಹೆಚ್ಚಾಗಿ ದೋಣಿ ಓಡಿದಷ್ಟೂ ಅದರ ಬಲವೂ ಹೆಚ್ಚು. ಕರೆಂಟಿನದು ಸೋಲುವ ಹೊತ್ತಿಗೆ ಇದು ಹುರುಪಿಗೆ ಬರುತ್ತದೆ.

ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ರೇಸಿನಲ್ಲಿ ಎಲೆಕ್ಟ್ರಾನಿಕ್ ಆಟೋಪೈಲಟ್ಟಿಗೆ ಅವಕಾಶವೇ ಇಲ್ಲ. ನಮ್ಮ ಅಭಿಲಾಷ್ ಟೋಮಿ 2022ರ ರೇಸಿನಲ್ಲಿ ಎರಡನೆಯವರಾಗಿ 2023ರ ಏಪ್ರಿಲ್‌ನಲ್ಲಿ ಮುಗಿಸಿದ್ದು ವಿಂಡ್‌ವೇನ್ ನಂಬಿಕೊಂಡೇ. ದಕ್ಷಿಣ ಸಾಗರಕ್ಕೆ ಸಾಲುವಂಥದ್ದು ಕೊಚ್ಚಿಗೆ ಸಾಲುವುದಿಲ್ಲವೇ?

ಯಾರ್ಡ್ ಕೆಲಸದವ:
ಸಾಲುವುದಿಲ್ಲ, ಕಾರಣ ಹೇಳುತ್ತೇನೆ. ದಕ್ಷಿಣ ಸಾಗರದಲ್ಲಿ ಗಾಳಿ ಬಿಡದೆ ಬೀಸುತ್ತದೆ. ನಮ್ಮಲ್ಲಿ ಡಿಸೆಂಬರ್-ಜನವರಿಯಲ್ಲಿ ಅರ್ಧ ದಿನ ಎಂಜಿನ್ನೇ. ಎಂಜಿನ್ ಹಾಕಿಕೊಂಡು ಹೋಗುವಾಗ ವಿಂಡ್‌ವೇನ್ ಏನು ಮಾಡೀತು? ಇನ್ನು ತೆಂಕಣಕ್ಕೆ ಹೋಗುವಾಗ ಗಾಳಿ ಬೆನ್ನಿಗೆ. ಹತ್ತು ನಾಟ್ (ತಾಸಿಗೆ ಹತ್ತು ನಾಟಿಕಲ್ ಮೈಲಿ) ಗಾಳಿಯಲ್ಲಿ ದೋಣಿ ಐದು ನಾಟ್ ಓಡಿದರೆ ಹಲಗೆಗೆ ತಾಗುವುದು ಉಳಿದ ಐದೇ. ಅಷ್ಟರಲ್ಲಿ ಅದು ತೂಕಡಿಸುತ್ತದೆ.

ಇನ್ನೊಂದು ಮುಖ್ಯ ವಿಷಯ. ವಿಂಡ್‌ವೇನ್ ಹಿಡಿಯುವುದು ಗಾಳಿಯ ಕೋನವನ್ನು, ದಿಕ್ಕನ್ನಲ್ಲ. ಸಂಜೆ ವಾಯವ್ಯದಿಂದ ಬೀಸುವ ಗಾಳಿ ನಡುರಾತ್ರಿ ಕಳೆದ ಮೇಲೆ ಮೂಡಣಕ್ಕೆ ತಿರುಗುತ್ತದೆ. ಗಾಳಿ ತಿರುಗಿದಂತೆ ದೋಣಿಯೂ ತಿರುಗುತ್ತದೆ, ಒಳಗೆ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ನಡು ಸಮುದ್ರದಲ್ಲಿ ಅದು ಅಡ್ಡಿಯಿಲ್ಲ, ದಡದಿಂದ ಹದಿನೈದು ಮೈಲಿಯಲ್ಲಿ ಅಡ್ಡಿಯಿದೆ.

ಗೋಕರ್ಣ ಗಾಳಿಪಟ:
ಗಾಳಿ ತಿರುಗುವ ಮಾತು ಒಪ್ಪಿದೆ. ಆದರೆ ಎಂಜಿನ್ ಹಾಕಿದಾಗ ವಿಂಡ್‌ವೇನಿನ ಹಲಗೆ ತೆಗೆದು, ಆ ಜಾಗಕ್ಕೆ ಒಂದು ಚಿಕ್ಕ ಟಿಲ್ಲರ್ ಪೈಲಟ್ ಕಟ್ಟಿದರೆ ಅದೇ ಹುಟ್ಟು ಕೆಲಸ ಮಾಡುತ್ತದೆ. ಪೈಲಟ್ಟಿಗೆ ಶ್ರಮವೇ ಇಲ್ಲ, ಕರೆಂಟೂ ಕಡಿಮೆ. ಉಳಿದ ದಿನ ಗಾಳಿಯೇ ನಡೆಸುತ್ತದೆ. ಮುಂದೆ ಅಂಡಮಾನ್‌ಗೆ ಹೋಗುವ ಆಸೆ ಇದ್ದರೆ ನನ್ನ ಮಾತು ನೆನಪಿಡಿ.

ಬೈತಖೋಲ ತಾಂಡೇಲ:
ನನ್ನ ಮಾತನ್ನೂ ಸ್ವಲ್ಪ ಕೇಳಿ. ನಾನು ಮೀನಿನ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವ, 26 ವರ್ಷ ಆಯಿತು. ಹೋದ ಫೆಬ್ರವರಿಯಲ್ಲಿ ರಾತ್ರಿ ಬಲೆ ಬಿಟ್ಟುಕೊಂಡು ಕೂತಿದ್ದೆವು. ಒಂದು ಹಾಯಿದೋಣಿ, ಯಾರದೋ ಏನೋ, ಸೀದಾ ಬಲೆ ಮೇಲೆ ಬಂತು. ಟಾರ್ಚ್ ಬಿಟ್ಟೆವು, ಕೂಗಿದೆವು. ಮೇಲೆ ಒಂದು ಜೀವ ಇಲ್ಲ. ಟಿಲ್ಲರ್ ತನ್ನಷ್ಟಕ್ಕೆ ಆಚೆ ಈಚೆ ಆಡುತ್ತಾ ಇತ್ತು. ಅದರ ತಳದ ಕೀಲ್‌ಗೆ ಸಿಕ್ಕಿ ಅರ್ಧ ಬಲೆ ಹೋಯಿತು. ಸಾಲ ಮಾಡಿ ಹಾಕಿದ ಬಲೆ.

ನೀವು ಯಾವ ಪೈಲಟ್ ಬೇಕಾದರೂ ಹಾಕಿ, ಅದಕ್ಕೆ ಕಣ್ಣಿಲ್ಲ. ನಮ್ಮ ಬಲೆಯ ಗುರುತು ಏನು? ಥರ್ಮಾಕೋಲು, ಎಣ್ಣೆ ಕ್ಯಾನು, ಕೋಲಿಗೆ ಕಟ್ಟಿದ ಬಾವುಟ, ರಾತ್ರಿಗೆ ಮಿಣಮಿಣ ಲೈಟು. ರೇಡಾರಿಗೆ ಕಾಣೋದಿಲ್ಲ.

ಕುಮಟಾ ಹುಡುಗ:
ತಾಂಡೇಲರೇ, ಎಲ್ಲ ಬೋಟಿಗೂ ಎಐಎಸ್ (ತಾನಿರುವ ಜಾಗವನ್ನು ರೇಡಿಯೋದಲ್ಲಿ ಸಾರುವ ಯಂತ್ರ) ಹಾಕಿದರೆ ಈ ಸಮಸ್ಯೆಯೇ ಇಲ್ಲ. ತಪ್ಪು ಎರಡೂ ಕಡೆ ಇದೆ.

ಬೈತಖೋಲ ತಾಂಡೇಲ:
ಬೋಟಿಗೆ ಹಾಕಬಹುದು. ಬೋಟಿನಿಂದ ಅರ್ಧ ಮೈಲಿ ಆಚೆ ಹರಡಿರುವ ಬಲೆಗೆ ಎಂತ ಹಾಕೋದು? ಒಬ್ಬನೇ ಪಾತಿ ದೋಣಿಯಲ್ಲಿ ಹೋಗಿ ಬಲೆ ಬಿಡುವವನು ಎಲ್ಲಿಂದ ತರಬೇಕು? ಸಮುದ್ರ ಎಲ್ಲರದೂ ಹೌದು, ನಮಗೆ ಅದೇ ಅನ್ನ.

ಯಾರ್ಡ್ ಕೆಲಸದವ:
ಈ ವಿಷಯದಲ್ಲಿ ತಾಂಡೇಲರ ಕಡೆಗೇ ನಾನು. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮದ 5ನೇ ಕಲಮು ಇದನ್ನೇ ಹೇಳುತ್ತದೆ: ಎಲ್ಲ ಹೊತ್ತಿನಲ್ಲೂ ಕಣ್ಣು ಕಿವಿ ಎರಡರಿಂದಲೂ ಕಾವಲು ಇರಬೇಕು. ಆಟೋಪೈಲಟ್ ಇದ್ದವರಿಗೆ ರಿಯಾಯಿತಿ ಇಲ್ಲ. ನಿಮ್ಮ ವೇಗ ಐದು ನಾಟ್, ಎದುರಿನ ಟ್ರಾಲ್ ಬೋಟಿನದು ಎಂಟು. ಎರಡು ಮೈಲಿ ದೂರದಲ್ಲಿ ಕಂಡ ದೀಪ ಒಂಬತ್ತು ನಿಮಿಷಕ್ಕೆ ಮೈಮೇಲೆ. ಹದಿನೈದು ನಿಮಿಷಕ್ಕೆ ಅಲಾರಂ ಇಟ್ಟು ಮಲಗುವವರಿದ್ದಾರೆ, ಅವರು ಈ ಲೆಕ್ಕ ಒಮ್ಮೆ ಮಾಡಿ ನೋಡಬೇಕು.

ಶಿರಸಿ ಸರ್ಕ್ಯೂಟ್:
ನನಗೆ ಸಮುದ್ರ ಅಂದರೆ ವರ್ಷಕ್ಕೆ ನಾಲ್ಕು ಸಲ ಘಟ್ಟ ಇಳಿದು ಭಾವನ ದೋಣಿ ಹತ್ತುವುದು ಅಷ್ಟೇ. ಆದರೆ ಅದರ ವೈರಿಂಗ್ ಎಲ್ಲ ನನ್ನದೇ, ಹಾಗಾಗಿ ಕರೆಂಟಿನ ವಿಷಯ ಹೇಳುತ್ತೇನೆ.

ಟಿಲ್ಲರ್ ಪೈಲಟ್ ಸರಾಸರಿ ಒಂದೂವರೆ ಆಂಪಿಯರ್ ತಿಂದರೂ 24 ತಾಸಿಗೆ 36 ಆಂಪಿಯರ್-ಅವರ್. ಜಿಪಿಎಸ್, ಎಐಎಸ್, ದಾರಿದೀಪ, ವಿಎಚ್‌ಎಫ್ ರೇಡಿಯೋ ಸೇರಿ ಎರಡು ಆಂಪಿಯರ್ ಅಂದರೆ ಇನ್ನೊಂದು 48. ಒಟ್ಟು 84. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಆಯಸ್ಸು ಹೋಗುತ್ತದೆ, ಹಾಗಾಗಿ ನಿಮ್ಮ 200ರಲ್ಲಿ ಬಳಸಲು ಸಿಗುವುದು 100. ಒಂದು ದಿನಕ್ಕೆ ಸರಿಹೋಯಿತು, ಎರಡನೇ ರಾತ್ರಿಗೆ? 100 ವ್ಯಾಟಿನ ಪ್ಯಾನೆಲ್ ಒಳ್ಳೆ ಬಿಸಿಲಲ್ಲೂ ದಿನಕ್ಕೆ 35 ಆಂಪಿಯರ್-ಅವರ್ ಕೊಟ್ಟರೆ ಹೆಚ್ಚು, ಅದೂ ಹಾಯಿಯ ನೆರಳು ಬೀಳದಿದ್ದರೆ. ಇನ್ನೊಂದು 200 ವ್ಯಾಟ್ ಸೇರಿಸಿ. ಡೆಕ್ಕಿನ ಕೆಳಗಿನ ಡ್ರೈವ್ ಆದರೆ ಸರಾಸರಿ ನಾಲ್ಕು ಆಂಪಿಯರ್ ಹಿಡಿಯಿರಿ, ಅದೊಂದಕ್ಕೇ ದಿನಕ್ಕೆ 96. ಆಗ ಲಿಥಿಯಂ ಬ್ಯಾಟರಿಯ ಮಾತೂ ಬರುತ್ತದೆ, ಬಜೆಟ್ ಮುಗಿಯುತ್ತದೆ.

ವೈರು ನೋಡಿಕೊಳ್ಳಿ. ಮನೆಯ ಲೈಟಿಗೆ ಎಳೆಯುವ ಒಂದೂವರೆ ಸ್ಕ್ವೇರ್ ಎಂಎಂ ವೈರನ್ನೇ ಎಳೆದುಬಿಡುತ್ತಾರೆ. ಆರು ಮೀಟರ್ ದೂರ ಅಂದರೆ ಹೋಗಿ ಬರುವುದು ಹನ್ನೆರಡು. ಮೋಟಾರು ಐದು ಆಂಪಿಯರ್ ಎಳೆದ ಕ್ಷಣ ಸುಮಾರು 0.7 ವೋಲ್ಟ್ ದಾರಿಯಲ್ಲೇ ಹೋಯಿತು. ತೆರೆ ಬಂದು ಬಲ ಬೇಕಾದಾಗಲೇ ಪೈಲಟ್ ಬೀಪ್ ಎಂದು ಆಫ್ ಆಗುತ್ತದೆ, ನಾವು ಪೈಲಟ್ಟನ್ನು ಬೈಯುತ್ತೇವೆ. ನಾಲ್ಕು ಸ್ಕ್ವೇರ್ ಎಂಎಂ, ತವರ ಬಳಿದ ತಾಮ್ರದ್ದೇ ಹಾಕಿ. ಬರಿ ತಾಮ್ರ ಉಪ್ಪುಗಾಳಿಗೆ ಒಳಗಿನಿಂದ ಹಸಿರು ಹಿಡಿದು ಪುಡಿಯಾಗುತ್ತದೆ.

ಹೊನ್ನಾವರ ಅಕ್ಕ:
ವೈರಿನ ಮಾತು ನೂರಕ್ಕೆ ನೂರು ನಿಜ. ಇದರ ಜೊತೆ ದಿಕ್ಸೂಚಿಯ ಮಾತೂ ಸೇರಿಸಿ. ನಮ್ಮ ದೋಣಿಯಲ್ಲಿ ಪೈಲಟ್ ಹಾಕಿದ ಮೊದಲ ವರ್ಷ ನೇತ್ರಾಣಿಗೆ ಹೊರಟಿದ್ದೆವು. ಎರಡು ತಾಸು ನೂಲು ಹಿಡಿದ ಹಾಗೆ ಹೋಯಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಇಪ್ಪತ್ತು ಡಿಗ್ರಿ ಎಡಕ್ಕೆ. ಸರಿ ಮಾಡಿದರೆ ಮತ್ತೆ ಎಡಕ್ಕೆ. ಮೆನು ಎಲ್ಲ ಹುಡುಕಿದೆವು, ಕನೆಕ್ಷನ್ ಬಿಚ್ಚಿ ಹಾಕಿದೆವು. ಕಡೆಗೆ ಮಗಳು ಒಳಗಿಂದ ಹಾಡು ಕೇಳುತ್ತಾ ಬಂದಳು. ಅವಳ ಬ್ಲೂಟೂತ್ ಸ್ಪೀಕರ್ ಅಷ್ಟೂ ಹೊತ್ತು ಬಂಕಿನ ತಲೆದಿಂಬಿನ ಹತ್ತಿರ ಇತ್ತು. ಹಲಗೆಯ ಆಚೆ ಬದಿಗೆ ಪೈಲಟ್ಟಿನ ಸೆನ್ಸರ್! ಅವಳು ಸ್ಪೀಕರ್ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಹಾಗೆ ದೋಣಿಯ ಮೂತಿ ನಿಧಾನಕ್ಕೆ ಬಲಕ್ಕೆ ಬಂದದ್ದನ್ನು ನಾವೆಲ್ಲ ಕಣ್ಣಾರೆ ಕಂಡೆವು.

ಅಂದಿನಿಂದ ಸೆನ್ಸರಿನ ಸುತ್ತ ಒಂದು ಮೀಟರ್ ಕೆಂಪು ಟೇಪ್ ಅಂಟಿಸಿದ್ದೇವೆ. ಸ್ಪ್ಯಾನರ್, ಕತ್ತಿ, ಕುಕ್ಕರ್, ಫೋನ್, ಒಂದೂ ಆ ಗೆರೆಯೊಳಗೆ ಇಲ್ಲ.

ಶಿರಸಿ ಸರ್ಕ್ಯೂಟ್:
ಅಕ್ಕಾ, ಇದನ್ನು ನಮ್ಮ ಭಾವನಿಗೆ ಇವತ್ತೇ ಓದಿಸುತ್ತೇನೆ. ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಭೂಮಿಯ ಕಾಂತೀಯ ಸಮಭಾಜಕ ಭಾರತದ ತೆಂಕಣ ತುದಿಯ ಹತ್ತಿರವೇ ಹಾದುಹೋಗುತ್ತದೆ. ಅದಕ್ಕೆ ಹತ್ತಿರ ಇದ್ದಷ್ಟೂ ಕಾಂತಬಲ ನೆಲಕ್ಕೆ ಸಮಾನಾಂತರ. ಯುರೋಪಿನ ಮೇಲ್ಗಡೆ ಅದು ಬಹುಪಾಲು ನೆಲದೊಳಗೆ ಇಳಿಯುವುದರಿಂದ, ದೋಣಿ ಓಲಾಡಿದಾಗ ಹಳೆಯ ಫ್ಲಕ್ಸ್‌ಗೇಟ್ (ಎಲೆಕ್ಟ್ರಾನಿಕ್) ದಿಕ್ಸೂಚಿಗಳು ಬೇಗ ತಪ್ಪು ತೋರಿಸುತ್ತವೆ. ಅಲ್ಲಿಯವರು ಬರೆದ ದೂರು ಓದಿ ಇಲ್ಲಿ ಹೆದರಬೇಕಾಗಿಲ್ಲ. ಆದರೂ ಹಿಂದಿನಿಂದ ಬರುವ ತೆರೆಗೆ ಗೈರೋ ಇರುವ ಸೆನ್ಸರೇ ಬೇಕು. ಬರಿ ದಿಕ್ಸೂಚಿ ಇದ್ದದ್ದು ದೋಣಿ ತಿರುಗಿ ಆದಮೇಲೆ ಎಚ್ಚರಗೊಳ್ಳುತ್ತದೆ. ಗೈರೋ ಇದ್ದದ್ದು ತಿರುಗಲು ಶುರು ಮಾಡಿದ್ದನ್ನೇ ಹಿಡಿಯುತ್ತದೆ.

ಅಂದಹಾಗೆ ಪೈಪೈಲಟ್ ಅಂತ ಒಂದಿದೆ, ಓಪನ್ ಸೋರ್ಸ್. ರಾಸ್‌ಬೆರಿ ಪೈ, ಒಂದು ಗೈರೋ-ದಿಕ್ಸೂಚಿ ಚಿಪ್ಪು, ಮೋಟಾರ್ ಕಂಟ್ರೋಲರ್, ಅಷ್ಟೇ. ನಾನು ಲಾರಿಯ ವೈಪರ್ ಮೋಟಾರಿಗೆ ಜೋಡಿಸಿ ಮನೆಯ ಮೇಜಿನ ಮೇಲೆ ಓಡಿಸಿದ್ದೇನೆ. ಪ್ರತಿ ಭಾಗವೂ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಸಿಗುತ್ತದೆ.

ತದಡಿ ಮೆಕ್ಯಾನಿಕ್:
ಮೇಜಿನ ಮೇಲೆ ಓಡುವುದೇ ಬೇರೆ. ನಾನು ಬಿಚ್ಚಿದ ಪೈಲಟ್‌ಗಳಲ್ಲಿ ಹತ್ತಕ್ಕೆ ಎಂಟು ನೀರು ಹೊಕ್ಕು ಹಾಳಾದವು. ಕಂಪನಿ ಹೆಸರು ಬೇಡ, ಎಲ್ಲದರಲ್ಲೂ ನೋಡಿದ್ದೇನೆ. ಟಿಲ್ಲರನ್ನು ತಳ್ಳುವ ಕಡ್ಡಿ ಒಳಗೆ ಹೊರಗೆ ಹೋಗುವಲ್ಲಿ ಒಂದು ರಬ್ಬರ್ ಸೀಲ್ ಇದೆ, ಅದರ ಮೇಲೆ ಉಪ್ಪು ಹರಳುಗಟ್ಟಿ ಮರಳುಕಾಗದದ ಹಾಗೆ ಉಜ್ಜುತ್ತದೆ. ಸಂಜೆ ದಡಕ್ಕೆ ಬಂದ ಕೂಡಲೇ ಸಿಹಿನೀರಿನ ಬಟ್ಟೆಯಲ್ಲಿ ಒರೆಸಿ ಒಳಗಿಡಿ. ಮೇಲೊಂದು ತೋಳು ಹೊಲಿಸಿ, ತಾಡಪಾಲಿನದು ಆದರೂ ಸೈ. ಬಿಸಿಲೂ ಬೀಳಬಾರದು, ಕಪ್ಪು ಪ್ಲಾಸ್ಟಿಕ್ ಏಪ್ರಿಲ್ ಬಿಸಿಲಿಗೆ ಕೈಯಿಡಲಾಗದಷ್ಟು ಕಾಯುತ್ತದೆ.

ಮತ್ತೆ ಕೂರಿಸುವಾಗ ಅಳತೆ ತಪ್ಪಬೇಡಿ. ಎಸ್‌ಟಿ 1000, 2000ಕ್ಕೆ ಚುಕ್ಕಾಣಿ ಕಂಬದ ನಡುವಿನಿಂದ ಟಿಲ್ಲರಿನ ಪಿನ್ನಿಗೆ 460 ಮಿ.ಮೀ., ಅಲ್ಲಿಂದ ಅಡ್ಡಕ್ಕೆ ಬದಿಯ ಕುಳಿಗೆ 589 ಮಿ.ಮೀ. ಟಿಲ್ಲರ್ ನಡುವಿನಲ್ಲಿದ್ದಾಗ ಎರಡಕ್ಕೂ ಸರಿ ಕಾಟಕೋನ, 90 ಡಿಗ್ರಿ. ಬೇರೆ ಮಾದರಿ ಆದರೆ ಅದರ ಪುಸ್ತಕ ನೋಡಿ. ಹೋದ ವರ್ಷ ಒಬ್ಬರು ಪಿನ್ನನ್ನು ಅರ್ಧ ಅಡಿ ಕಂಬದ ಹತ್ತಿರ ಹಾಕಿಸಿಕೊಂಡು ಬಂದಿದ್ದರು. ಸನ್ನೆಗೋಲು ಗಿಡ್ಡ ಆದ ಹಾಗೆ ಕಡ್ಡಿಯ ಮೇಲೆ ಭಾರ ಎಷ್ಟು ಏರುತ್ತದೆ ಯೋಚಿಸಿ. ಮೂರು ತಿಂಗಳಿಗೆ ಗೇರಿನ ಹಲ್ಲು ಹೋಯಿತು.

ಅಂಕೋಲೆಯವ:
ಇಷ್ಟೆಲ್ಲ ಯಂತ್ರ ಯಾಕೆ ಬೇಕು? ನಮ್ಮ ಹಿರಿಯರು ಗಾಳಿ ನೋಡಿ ಅರಬಸ್ಥಾನಕ್ಕೆ ಹೋಗಿ ಬರುತ್ತಿದ್ದರು. ಹಲಗೆಗಳನ್ನು ಹಗ್ಗದಿಂದ ಹೊಲಿದ ಹಡಗು ಐಎನ್‌ಎಸ್‌ವಿ ಕೌಂಡಿನ್ಯವನ್ನು 2025ರ ಮೇ 21ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲೇ ನೌಕಾಪಡೆಗೆ ಸೇರಿಸಿದರು. ಅದಕ್ಕೆ ಈಗಿನ ಚುಕ್ಕಾಣಿಯೂ ಇಲ್ಲ, ಹಿಂದೆ ಉದ್ದನೆಯ ಹುಟ್ಟುಗಳು, ಅಷ್ಟೇ.

ಹೊನ್ನಾವರ ಅಕ್ಕ:
ಕೌಂಡಿನ್ಯ ನನಗೂ ಹೆಮ್ಮೆ. ಆದರೆ ಅದರ ಹುಟ್ಟು ಹಿಡಿಯಲು ಪಾಳಿಯಲ್ಲಿ ಜನ ಇರುತ್ತಾರೆ ಅಣ್ಣಾ. ಹಿರಿಯರ ಹಡಗಿನಲ್ಲೂ ಇದ್ದರು. ಇಲ್ಲಿ ಇರುವವರು ಇಬ್ಬರು, ಒಬ್ಬರು ಮಲಗಿದರೆ ಉಳಿಯುವುದು ಒಬ್ಬರು. ಹೋಲಿಸುವುದಾದರೆ ನೌಕಾಪಡೆಯ ಹಾಯಿದೋಣಿ ತಾರಿಣಿಗೆ ಹೋಲಿಸಿ. ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ, ರೂಪಾ ಇಬ್ಬರೇ 2024ರ ಅಕ್ಟೋಬರ್ 2ಕ್ಕೆ ಗೋವಾ ಬಿಟ್ಟು ಭೂಮಿ ಸುತ್ತಿ 2025ರ ಮೇ 29ಕ್ಕೆ ಬಂದರು. ಸುಮಾರು ಎಂಟು ತಿಂಗಳು ಇಬ್ಬರ ನಡುವೆಯೇ ನಿದ್ದೆ ಹಂಚಿಕೊಳ್ಳುವುದು ಅಂದರೆ ಏನು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಅಂಕೋಲೆಯವ:
ಅದು ಸರಿ ಅಕ್ಕಾ. ನಾನು ಜನರ ಲೆಕ್ಕ ಬಿಟ್ಟಿದ್ದೆ.

ಕುಮಟಾ ಹುಡುಗ:
ಈ ಸಲ ಬಂಗಡೆ ಹೇಗಿದೆ ತಾಂಡೇಲರೇ? ಕುಮಟಾ ಮಾರ್ಕೆಟ್ಟಿನಲ್ಲಿ ಬರಿ ಸಣ್ಣದು.

ಬೈತಖೋಲ ತಾಂಡೇಲ:
ಆಗಸ್ಟ್ 1ಕ್ಕೆ ಹೊರಬಿದ್ದಾಗ ಚೆನ್ನಾಗಿತ್ತು. 61 ದಿನ ಮೀನುಗಾರಿಕೆ ಬಂದ್ ಇದ್ದದ್ದಕ್ಕೆ ಸಮುದ್ರ ಕೊಟ್ಟಿತು. ಈಗ ಹೊರಗೆ ಹೋಗಬೇಕು, ಇಸ್ವಾಣ ಮೀನು ಅಲ್ಲಲ್ಲಿ ಇದೆ.

ಮಾಜಾಳಿ ಹಾಯಿ:
ಇದನ್ನು ಬರೆಯುತ್ತಿರುವುದು ನಾನು, ಅವರ ಹೆಂಡತಿ. ಅವರದೇ ಐಡಿಯಿಂದ ಬರೆಯುತ್ತಿದ್ದೇನೆ. ತೂಕ, ಆಂಪಿಯರ್ ಎಲ್ಲ ಓದಿದೆ. ನನ್ನ ಪ್ರಶ್ನೆ ಒಂದೇ. ನಡುರಾತ್ರಿ ನಾನು ಒಳಗೆ ಮಲಗಿದ್ದೇನೆ, ಪೈಲಟ್ ಓಡುತ್ತಿದೆ, ಅವರು ಕಾಲು ಜಾರಿ ನೀರಿಗೆ ಬಿದ್ದರು. ದೋಣಿ ನಿಲ್ಲುತ್ತದೆಯೇ? ನನಗೆ ಗೊತ್ತಾಗುವುದು ಹೇಗೆ? ಯಾವ ಗುಂಡಿ ಒತ್ತಬೇಕು, ಕತ್ತಲಲ್ಲಿ ಅದು ಕೈಗೆ ಸಿಗುತ್ತದೆಯೇ? ಇದಕ್ಕೆ ಉತ್ತರ ಸಿಗುವ ತನಕ ಯಾವ ಪೈಲಟ್ಟೂ ನಮ್ಮ ದೋಣಿಗೆ ಬರುವುದಿಲ್ಲ.

ಯಾರ್ಡ್ ಕೆಲಸದವ:
ಅಮ್ಮಾ, ದೋಣಿ ನಿಲ್ಲುವುದಿಲ್ಲ. ಕೈಯಲ್ಲಿ ಹಿಡಿದ ದೋಣಿ ಕೈಬಿಟ್ಟರೆ ಸಾಮಾನ್ಯವಾಗಿ ಗಾಳಿಗೆ ಮುಖ ಮಾಡಿ ನಿಧಾನ ಆಗುತ್ತದೆ. ಪೈಲಟ್ ಹಿಡಿದ ದೋಣಿ ಬಿದ್ದವರನ್ನು ಬಿಟ್ಟು ಹೋಗುತ್ತಲೇ ಇರುತ್ತದೆ. ಐದು ನಾಟ್ ಅಂದರೆ ನಿಮಿಷಕ್ಕೆ 150 ಮೀಟರ್. ನೀವು ಎದ್ದು ಮೇಲೆ ಬರಲು ಎರಡು ನಿಮಿಷ ಆದರೆ ಅವರು 300 ಮೀಟರ್ ಹಿಂದೆ, ಕತ್ತಲಲ್ಲಿ ಒಂದು ತಲೆ.

ಆದ್ದರಿಂದ ಬೀಳದ ಹಾಗೆ ನೋಡಿಕೊಳ್ಳುವುದೊಂದೇ ಉಪಾಯ. ಒಬ್ಬರೇ ಮೇಲಿರುವಾಗ, ರಾತ್ರಿ ಹಗಲು ಭೇದ ಇಲ್ಲದೆ, ಸೊಂಟದ ಪಟ್ಟಿ ದೋಣಿಗೆ ಸಿಕ್ಕಿಸಿರಬೇಕು, ಪಟ್ಟಿ ನೀರಿಗೆ ಬೀಳಲಾರದಷ್ಟು ಗಿಡ್ಡ. ಇನ್ನೊಬ್ಬರನ್ನು ಎಬ್ಬಿಸದೆ ಹಾಯಿ ಬುಡಕ್ಕೆ ಹೋಗಬಾರದು. ಗುಂಡಿಯ ವಿಷಯದಲ್ಲಿ ನಿಮಗೆ ಟಿಲ್ಲರ್ ಪೈಲಟ್ಟೇ ಒಳ್ಳೆಯದು. ಗುಂಡಿಯನ್ನೇ ಹುಡುಕಬೇಕಾಗಿಲ್ಲ, ಕಡ್ಡಿಯನ್ನು ಪಿನ್ನಿನಿಂದ ಎತ್ತಿದರೆ ಟಿಲ್ಲರ್ ನಿಮ್ಮ ಕೈಗೆ ಬಂತು. ಕಣ್ಣು ಮುಚ್ಚಿ ಇಪ್ಪತ್ತು ಸಲ ಅಭ್ಯಾಸ ಮಾಡಿ.

ಗೋಕರ್ಣ ಗಾಳಿಪಟ:
ಅಮ್ಮನವರ ಪ್ರಶ್ನೆ ಓದಿ ನನಗೂ ವಿಂಡ್‌ವೇನಿನ ಒತ್ತಾಯ ಸಾಕು ಅನ್ನಿಸಿತು. ಅದರ ಹಗ್ಗ ಬಿಚ್ಚುವುದು ಕತ್ತಲಲ್ಲಿ ಅಷ್ಟು ಸಲೀಸಲ್ಲ. ಮೊದಲ ಎರಡು ವರ್ಷ ಟಿಲ್ಲರ್ ಪೈಲಟ್ಟಿನಲ್ಲೇ ಹೋಗಿ.

ಹಳೇ ಖಾರ್ವಿ:
ಮೊಮ್ಮಗನ ಕೈಲಿ ಬರೆಸುತ್ತಿದ್ದೇನೆ. ನಾವು ಹಾಯಿ ಕಟ್ಟಿ ಹೋಗುತ್ತಿದ್ದ ಕಾಲಕ್ಕೆ ಸೈಕಲ್ ಟ್ಯೂಬು ಸೀಳಿ ಚುಕ್ಕಾಣಿಯನ್ನು ಒಂದು ಬದಿಗೆ ಕಟ್ಟುತ್ತಿದ್ದೆವು, ಇನ್ನೊಂದು ಬದಿಗೆ ಹಾಯಿಯ ಹಗ್ಗ. ಗಾಳಿ ಹೆಚ್ಚಾದರೆ ಹಾಯಿಯ ಹಗ್ಗ ಚುಕ್ಕಾಣಿ ಎಳೆಯುತ್ತದೆ, ಕಡಿಮೆ ಆದರೆ ಟ್ಯೂಬು ವಾಪಸ್ ಎಳೆಯುತ್ತದೆ. ಊಟ ಮಾಡಿ ಎಲೆ ಅಡಿಕೆ ಹಾಕುವಷ್ಟು ಹೊತ್ತು ದೋಣಿ ನೆಟ್ಟಗೆ ಹೋಗುತ್ತಿತ್ತು. ಯಂತ್ರ ಇರಲಿ, ಎರಡು ಟ್ಯೂಬೂ ಇರಲಿ.

ಗೋಕರ್ಣ ಗಾಳಿಪಟ:
ಅಜ್ಜಾ, ಇದನ್ನೇ ಈಗಿನವರು ಶೀಟ್-ಟು-ಟಿಲ್ಲರ್ ಅಂತ ಕಲಿಸುತ್ತಾರೆ. ಟ್ಯೂಬಿನ ಬಿಗಿ ಹೊಂದಿಸುವುದರಲ್ಲೇ ಎಲ್ಲ ಇದೆ, ಅಲ್ಲವೇ?

ಹಳೇ ಖಾರ್ವಿ:
ಹೌದು. ಅದು ಕೈಗೆ ಗೊತ್ತಾಗಬೇಕು, ಬರೆದರೆ ಬರೋದಿಲ್ಲ.

ಮಾಜಾಳಿ ಹಾಯಿ:
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಗೆಳೆಯರೊಬ್ಬರ ಟಿಲ್ಲರ್ ಪೈಲಟ್ ಎರಡು ದಿನಕ್ಕೆ ಕೇಳಿ ತಂದು ಕಾರವಾರದ ದೇವಗಡ ದ್ವೀಪದ ಹೊರಗೆ ಪರೀಕ್ಷೆ ಮಾಡಿದೆವು. ಶಿರಸಿಯವರು ಹೇಳಿದಂತೆ ನಾಲ್ಕು ಸ್ಕ್ವೇರ್ ಎಂಎಂ ವೈರು ಎಳೆದು, ಅದಕ್ಕೆ ಕ್ಲ್ಯಾಂಪ್ ಮೀಟರ್ ಹಾಕಿ ಕೂತೆ.

ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ಹದಿನಾಲ್ಕು-ಹದಿನೈದು ನಾಟ್. ದೊಡ್ಡ ಹಾಯಿ ಪೂರ್ತಿ ಬಿಟ್ಟಿದ್ದೆವು. ಪೈಲಟ್ ಗುರ್ರ್ ಗುರ್ರ್ ಎಂದು ಒಂದು ಕ್ಷಣ ಸುಮ್ಮನಾಗಲಿಲ್ಲ, ಕಡ್ಡಿ ಪೂರ್ತಿ ಹೊರಗೆ, ಪೂರ್ತಿ ಒಳಗೆ. ಮೀಟರಿನಲ್ಲಿ 2.8 ಆಂಪಿಯರ್ ಸುತ್ತಮುತ್ತ. ಆಮೇಲೆ ಹೆಂಡತಿ ಹಾಯಿಯ ಒಂದು ಮಡಿಕೆ ಕಟ್ಟಿದಳು, ನಾನು ಹಾಯಿಯ ಹಗ್ಗ ಒಂದಡಿ ಸಡಿಲ ಬಿಟ್ಟೆ. ಟಿಲ್ಲರನ್ನು ಎರಡು ಬೆರಳಲ್ಲಿ ಹಿಡಿದರೆ ನಿಲ್ಲುವಷ್ಟು ಹಗುರ ಆಯಿತು. ಪೈಲಟ್ಟಿನ ಸದ್ದು ನಿಂತು ನಿಂತು ಬರತೊಡಗಿತು. ಮೀಟರು 1.1. ದೋಣಿಯ ವೇಗ ಕಾಲು ನಾಟ್ ಕೂಡ ಇಳಿಯಲಿಲ್ಲ.

ಇಷ್ಟು ದಿನ ಅವಳ ಭುಜ ನೋಯಿಸಿದ್ದು ಸಮುದ್ರ ಅಂದುಕೊಂಡಿದ್ದೆ. ನಾನೇ ಹಾಯಿ ಹೆಚ್ಚು ಬಿಟ್ಟು ಓಡಿಸುತ್ತಿದ್ದೆ.

ಇನ್ನೊಂದು ಕಲಿತೆ. ವಾಪಸ್ ಬರುವಾಗ ಕಾಳಿ ನದಿಯ ಬಾಯಿಯಲ್ಲಿ ಇಳಿತದ ನೀರು ಜೋರಾಗಿ ಹೊರಗೆ ಹೋಗುತ್ತಿತ್ತು. ಪೈಲಟ್ ದಿಕ್ಕು ಸರಿಯಾಗಿ ಹಿಡಿದಿತ್ತು, ದೋಣಿ ಮಾತ್ರ ಅಡ್ಡಕ್ಕೆ ಸರಿಯುತ್ತಾ ಹೋಯಿತು. ಮೂತಿ ನೋಡಿದರೆ ಎಲ್ಲ ಸರಿ, ದಡದ ಗುರುತು ನೋಡಿದರೆ ನಾವು ಎಲ್ಲೋ. ಅರ್ಗಾದ ಕಡೆ ನೌಕಾನೆಲೆಯ ಹತ್ತಿರ ಹೀಗೆ ಆದರೆ ದೊಡ್ಡ ತೊಂದರೆ.

ಶಿರಸಿ ಸರ್ಕ್ಯೂಟ್:
ಅದಕ್ಕೇ ಜಿಪಿಎಸ್ ಜೋಡಿಸಿ ಟ್ರ್ಯಾಕ್ ಮೋಡ್ ಬಳಸುವುದು. ಆಗ ಅದು ದಿಕ್ಕಿನ ಬದಲು ನಕ್ಷೆಯ ಮೇಲಿನ ಗೆರೆಯನ್ನು ಹಿಡಿಯುತ್ತದೆ, ನೀರು ತಳ್ಳಿದಷ್ಟು ಮೂತಿಯನ್ನು ತಾನೇ ಎದುರಿಗೆ ಹಾಕುತ್ತದೆ. ಆದರೆ ನದಿಯ ಬಾಯಿಯಲ್ಲಿ ಯಾವ ಮೋಡೂ ಬೇಡ, ಕೈಯಲ್ಲೇ ಹಿಡಿಯಿರಿ. 2.8ರಿಂದ 1.1 ಅನ್ನುವುದು ಸಣ್ಣ ಮಾತಲ್ಲ, 24 ತಾಸಿಗೆ 40 ಆಂಪಿಯರ್-ಅವರ್ ಉಳಿಯಿತು.

ತದಡಿ ಮೆಕ್ಯಾನಿಕ್:
ಬಹಳ ಒಳ್ಳೆ ಕೆಲಸ ಮಾಡಿದಿರಿ. ಕೊನೆಗೆ ಯಾವುದಕ್ಕೆ ಮನಸ್ಸು ಮಾಡಿದಿರಿ?

ಮಾಜಾಳಿ ಹಾಯಿ:
6,000 ಕಿಲೋ ಮಿತಿಯ, ಗೈರೋ ಸೆನ್ಸರಿನ ಟಿಲ್ಲರ್ ಡ್ರೈವ್ ಒಂದು ಹೊಸದು. ಅದರ ಜೊತೆಗೆ ಗೆಳೆಯರ ಆ ಹಳೆಯ ಚಿಕ್ಕ ಪೈಲಟ್ಟನ್ನೂ ಕೊಂಡುಕೊಂಡೆ. ಅದು ಎಂಜಿನ್ ಹೊತ್ತಿಗೆ, ಹೊಸದು ಕೆಟ್ಟರೆ ಆಪತ್ತಿಗೆ. ಎರಡಕ್ಕೂ ಬೇರೆ ಬೇರೆ ಪಿನ್ನು, ಬೇರೆ ಕುಳಿ. ಸೋಲಾರ್ ಇನ್ನೊಂದು 200 ವ್ಯಾಟ್. ಎರಡು ಸೊಂಟಪಟ್ಟಿ. ಸೈಕಲ್ ಟ್ಯೂಬ್ ನಾಲ್ಕು. ಬಜೆಟ್ ಸ್ವಲ್ಪ ಮೀರಿತು, ಬೇಸರ ಇಲ್ಲ.

ತಾಂಡೇಲರಲ್ಲಿ ಒಂದು ಕೇಳಬೇಕಿತ್ತು. ಡಿಸೆಂಬರಿನಲ್ಲಿ ಭಟ್ಕಳ ದಾಟುವ ತನಕ ಬಲೆಗಳು ಹೆಚ್ಚಾಗಿ ಎಷ್ಟು ಆಳದ ನೀರಿನಲ್ಲಿ ಇರುತ್ತವೆ? ಅಷ್ಟು ದೂರ ಪೈಲಟ್ ಹಾಕಿದರೂ ಇಬ್ಬರೂ ಮೇಲೆ ಕೂರುತ್ತೇವೆ, ಇಲ್ಲ ಹೊರಗಿನಿಂದ ಸುತ್ತು ಹಾಕಿ ಹೋಗುತ್ತೇವೆ.

ಬೈತಖೋಲ ತಾಂಡೇಲ:
ಇದನ್ನು ಯಾರೂ ನಮ್ಮ ಹತ್ತಿರ ಕೇಳಿದ್ದಿಲ್ಲ. ಎಂಟು ಮಾರಿನಿಂದ ಇಪ್ಪತ್ತು ಮಾರು ನೀರಿನ ತನಕ ನಮ್ಮ ಕಡೆಯ ಬಲೆ ಜಾಸ್ತಿ. ಸಂಜೆ ಬಿಟ್ಟು ಬೆಳಗಿನ ಜಾವ ಎಳೆಯುತ್ತೇವೆ. ನೀವು ಇಪ್ಪತ್ತೈದು ಮಾರು ಹಿಡಿದು ಹೊರಗಿಂದ ಹೋದರೆ ರಾತ್ರಿ ಸಲೀಸು, ಆದರೆ ಅಲ್ಲಿ ಟ್ರಾಲ್ ಬೋಟು ಇರುತ್ತವೆ, ಅವಕ್ಕೆ ದೀಪ ಇದೆ. ಬಾವುಟ ಕಂಡರೆ ಒಂದೇ ಬಾವುಟ ಅಂತ ತಿಳಿಯಬೇಡಿ, ಜೋಡಿ ಎಲ್ಲಿದೆ ಹುಡುಕಿ, ಎರಡರ ನಡುವೆ ಮಾತ್ರ ಹೋಗಬೇಡಿ.

ಭಾನುವಾರ ಬೈತಖೋಲಕ್ಕೆ ಬನ್ನಿ, ಬೆಳಿಗ್ಗೆ ಆರಕ್ಕೆ ಬೋಟು ಬರುತ್ತವೆ. ಯಾವ ಬಲೆಗೆ ಯಾವ ಗುರುತು ಅಂತ ಕೈಯಲ್ಲಿ ಹಿಡಿದು ತೋರಿಸುತ್ತೇನೆ. ತಂಗಿಯವರನ್ನೂ ಕರಕೊಂಡು ಬನ್ನಿ, ರಾತ್ರಿ ಪಾಳಿ ಅವರದೂ ಇದೆಯಲ್ಲ.

ಮಾಜಾಳಿ ಹಾಯಿ:
ಇಬ್ಬರೂ ಬರುತ್ತೇವೆ. ಚಹಾ ನಮ್ಮ ಕಡೆಯಿಂದ, ಎಷ್ಟು ಜನಕ್ಕೆ ತರಲಿ ಹೇಳಿ.

ಬೈತಖೋಲ ತಾಂಡೇಲ:
ಎಂಟು ಜನ ಇದ್ದೇವೆ. ಸಕ್ಕರೆ ಜಾಸ್ತಿ ಹಾಕಿ.